ಮನೆ ಕ್ಯಾಮೆರಾ, ವೈ-ಫೈ, ಟಿವಿ: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮೆರಾ, ರೂಟರ್ ಜೋಡಿಸಿಕೊಡುವ ಕೆಲಸ ನನ್ನದು. ವಿದ್ಯಾನಗರ ಇರಲಿ, ಗದಗ ಇರಲಿ, ಹಾವೇರಿ ಇರಲಿ, ಕೇಳುವ ಪ್ರಶ್ನೆಗಳು ಅವೇ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ. "ಯಾವ ಕಂಪನಿದು ಚಲೋ?" ಅಂತ ಎಲ್ಲರೂ ಕೇಳುತ್ತಾರೆ. "ಅಕೌಂಟ್ ಯಾರ ನಂಬರ್‌ನಲ್ಲಿದೆ?" ಅಂತ ಕೇಳುವವರು ಅಪರೂಪ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ.

ನಮ್ಮ ಮನೆಯಲ್ಲಿ ಏನಿದೆ ಅಂತ ಹ್ಯಾಕ್ ಮಾಡುತ್ತಾರೆ? ನಾವೇನು ಮಂತ್ರಿಗಳಾ?

ನಿಮ್ಮ ಹೆಸರು ನೋಡಿ ಯಾರೂ ಬರುವುದಿಲ್ಲ, ನಿಜ. ಬರುವುದು ಪ್ರೋಗ್ರಾಂ. ಅದು ಇಂಟರ್ನೆಟ್‌ನಲ್ಲಿರುವ ವಿಳಾಸಗಳನ್ನು ಒಂದರ ಹಿಂದೆ ಒಂದು ತಟ್ಟುತ್ತಾ ಹೋಗುತ್ತದೆ. ಅದಕ್ಕೆ ಕೇಶ್ವಾಪುರವೂ ಒಂದೇ, ಬ್ರೆಜಿಲ್ಲೂ ಒಂದೇ.

2016ರಲ್ಲಿ ಮಿರಾಯ್ ಅನ್ನುವ ವೈರಸ್ ಥರದ ಪ್ರೋಗ್ರಾಂ ಹೀಗೇ ಹರಡಿತು. ಅದರ ಹತ್ತಿರ ಇದ್ದ ಬಂಡವಾಳ 60 ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿ, ಅದೂ ಕಂಪನಿಯಿಂದ ಪೆಟ್ಟಿಗೆ ಬರುವಾಗಲೇ ಇರುವಂಥವು. ಅಷ್ಟರಲ್ಲೇ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾದ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ), ರೂಟರ್ ಅದರ ಕೈಗೆ ಸಿಕ್ಕವು. ಆ ವರ್ಷ ಅಕ್ಟೋಬರ್ 21ರಂದು ಇಂಥ ಯಂತ್ರಗಳನ್ನೆಲ್ಲ ಒಟ್ಟಿಗೆ ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಅಮೆರಿಕದ ಕಂಪನಿಯ ಮೇಲೆ ಛೂ ಬಿಟ್ಟರು, ಟ್ವಿಟರ್, ನೆಟ್‌ಫ್ಲಿಕ್ಸ್ ಥರದ ಸೈಟ್‌ಗಳೇ ಗಂಟೆಗಟ್ಟಲೆ ಸರಿಯಾಗಿ ಸಿಗಲಿಲ್ಲ. ತಮಾಷೆ ಅಂದರೆ ಮಿರಾಯ್ ಬರೆದ ಮೂವರು ಹುಡುಗರ ಕಣ್ಣು ಇದ್ದದ್ದು ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ದುಡ್ಡಿನ ಮೇಲೆ. 2017ರಲ್ಲಿ ಅವರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಅಷ್ಟೊತ್ತಿಗೆ ಕೋಡ್ ಊರೆಲ್ಲ ಹಂಚಿಹೋಗಿತ್ತು, ಅದರ ಮರಿಗಳು ಇನ್ನೂ ಓಡಾಡುತ್ತಿವೆ.

ಆ ಕ್ಯಾಮೆರಾಗಳ ಮಾಲೀಕರಿಗೆ ಏನೂ ಗೊತ್ತಾಗಿರಲಿಲ್ಲ. ಚಿತ್ರ ಬರುತ್ತಲೇ ಇತ್ತಲ್ಲ!

ಸಿಸಿಟಿವಿ ಹಾಕಿದ ಹುಡುಗ ತನ್ನ ಮೊಬೈಲ್‌ನಲ್ಲಿ ನಮ್ಮ ಮನೆ ನೋಡಬಹುದಾ?

ನೋಡಬಹುದು. ನೋಡುತ್ತಾನೆ ಅಂತ ಹೇಳುತ್ತಿಲ್ಲ, ಹೆಚ್ಚಿನವರು ಒಳ್ಳೆಯವರೇ. ಆದರೆ ಬಹಳ ಮನೆಗಳಲ್ಲಿ ದಾರಿ ತೆರೆದೇ ಇರುತ್ತದೆ.

ಆಗುವುದು ಹೀಗೆ. ಕೆಲಸ ಮುಗಿಯುವಾಗ ಸಂಜೆಯಾಗಿರುತ್ತದೆ. ಆಪ್‌ಗೆ ಅಕೌಂಟ್ ಬೇಕು, ಅಕೌಂಟ್‌ಗೆ ಮೊಬೈಲ್ ನಂಬರ್ ಬೇಕು, ಅದಕ್ಕೊಂದು ಓಟಿಪಿ ಬರಬೇಕು. ಯಜಮಾನರು ದುರ್ಗದ ಬೈಲಿನ ಅಂಗಡಿಯಲ್ಲಿ, ಮನೆಯಲ್ಲಿರುವ ಅಕ್ಕನವರಿಗೆ ಓಟಿಪಿ ಅಂದರೆ ಭಯ, ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ಹೇಳಿ ಹೇಳಿ ತಲೆಯಲ್ಲಿ ಕೂತಿದೆ, ಸರಿಯಾಗಿಯೇ ಕೂತಿದೆ. ಹುಡುಗ ತನ್ನ ನಂಬರ್‌ನಲ್ಲೇ ಅಕೌಂಟ್ ತೆರೆದು, ಡಿವಿಆರ್ ಮೇಲಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ, ಅಲ್ಲಿಂದ ನಿಮಗೆ ಶೇರ್ ಮಾಡಿ ಹೋಗುತ್ತಾನೆ. ಅಂದರೆ ಆಪ್‌ನ ಲೆಕ್ಕದಲ್ಲಿ ಮನೆ ಅವನದು, ನೀವು ಬಾಡಿಗೆದಾರರು. ನಾಳೆ ಅವನು ಕೆಲಸ ಬಿಟ್ಟರೂ, ಫೋನ್ ಮಾರಿದರೂ, ನಿಮಗೂ ಅವನಿಗೂ ಬಾಕಿ ದುಡ್ಡಿನ ಜಗಳ ಆದರೂ ಅಕೌಂಟ್ ಅವನ ಹತ್ತಿರವೇ ಇರುತ್ತದೆ.

ಈಗಲೇ ಆಪ್ ತೆರೆದು ನೋಡಿ. ಕ್ಯಾಮೆರಾ ಹೆಸರಿನ ಪಕ್ಕ ಶೇರ್ಡ್ ಅಂತಲೋ, ಇಂಥ ನಂಬರ್‌ನಿಂದ ಅಂತಲೋ ಇದೆಯಾ? ಇದ್ದರೆ ಅವನಿಗೆ ಫೋನ್ ಮಾಡಿ. ಅವನು ತನ್ನ ಅಕೌಂಟ್‌ನಿಂದ ಡಿವೈಸ್ ಡಿಲೀಟ್ ಮಾಡಬೇಕು, ಆಮೇಲೆ ನಿಮ್ಮ ನಂಬರ್‌ನಲ್ಲಿ ಹೊಸದಾಗಿ ಸೇರಿಸಬೇಕು. ಹೆಚ್ಚಿನ ಆಪ್‌ಗಳಲ್ಲಿ ಅವನು ಬಿಡದೆ ನೀವು ಸೇರಿಸಲು ಆಗುವುದಿಲ್ಲ. ಸಿಟ್ಟು ಮಾಡಬೇಡಿ, ಅವನೂ ಟೈಮ್ ಉಳಿಸಲು ಹಾಗೆ ಮಾಡಿರುತ್ತಾನೆ.

ಆಪ್ ಸರಿಯಾದರೆ ಅರ್ಧ ಕೆಲಸ ಆಯಿತು. ಡಿವಿಆರ್‌ಗೆ ಬೇರೆಯೇ ಪಾಸ್‌ವರ್ಡ್ ಇರುತ್ತದೆ. ಅದನ್ನು ಟಿವಿಗೆ ಜೋಡಿಸಿ, ಮೌಸ್ ಹಿಡಿದು ಮೇನ್ ಮೆನುವಿನಲ್ಲಿ ಯೂಸರ್ ಅನ್ನುವ ಜಾಗಕ್ಕೆ ಹೋಗಿ. ಅಡ್ಮಿನ್ ಅಂತ ಒಂದು ಹೆಸರು ಇರುತ್ತದೆ. ಅದರ ಕೆಳಗೆ ನಿಮಗೆ ಗೊತ್ತಿಲ್ಲದ ಇನ್ನೊಂದು ಹೆಸರು ಇದ್ದರೆ ತೆಗೆಯಿರಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಪಾಸ್‌ವರ್ಡ್ ಮರೆತರೆ ಯಾವ ಇಮೇಲ್‌ಗೆ ಕೋಡ್ ಹೋಗುತ್ತೆ ಅನ್ನುವುದನ್ನೂ ನೋಡಿ, ಅಲ್ಲೂ ಅವನ ಇಮೇಲ್ ಕೂತಿರುತ್ತದೆ. ನಮ್ಮ ಕಸುಬಿನಲ್ಲಿ ಒಂದು ಕೆಟ್ಟ ಚಾಳಿ ಇದೆ: ಊರಿಗೆಲ್ಲ ಒಂದೇ ಪಾಸ್‌ವರ್ಡ್. ಅಂಗಡಿ ಹೆಸರು, ಮುಂದೆ 123. ರಿಪೇರಿಗೆ ಹೋದಾಗ ನೆನಪಿರಲಿ ಅಂತ. ಒಂದು ಮನೆಯದು ಗೊತ್ತಾದರೆ ಓಣಿಯದ್ದೆಲ್ಲ ಗೊತ್ತಾಯಿತು. ಕೆಲವರು ಅದನ್ನು ಡಿವಿಆರ್ ತಲೆಯ ಮೇಲೆ ಮಾರ್ಕರ್‌ನಲ್ಲಿ ಬರೆದಿರುತ್ತಾರೆ, ಒರೆಸಿ ಬಿಡಿ.

ಸರ್ವೀಸ್‌ಗೆ ಬರುವವರಿಗೆ ಬೇರೆ ಯೂಸರ್ ಮಾಡಿಕೊಡಿ, ಕೆಲಸ ಮುಗಿದ ಮೇಲೆ ತೆಗೆಯಿರಿ.

ಕ್ಯಾಮೆರಾ ಎಲ್ಲಿ ಹಾಕಬಾರದು?

ಮಲಗುವ ಕೋಣೆ, ಬಟ್ಟೆ ಬದಲಿಸುವ ಜಾಗ, ಆಸ್ಪತ್ರೆಯ ತಪಾಸಣೆ ಕೋಣೆ. ಯಾರು ಏನೇ ಕಾರಣ ಹೇಳಲಿ, ಬೇಡ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿಯಿಂದ ಹೆಣ್ಣುಮಕ್ಕಳ ತಪಾಸಣೆಯ ವಿಡಿಯೊಗಳು ಹೊರಗೆ ಹೋಗಿ ಟೆಲಿಗ್ರಾಂನಲ್ಲಿ ಮಾರಾಟವಾದವು. ಆಸ್ಪತ್ರೆಯ ಕ್ಯಾಮೆರಾಗೆ ಅಡ್ಮಿನ್123 ಅನ್ನುವ ಪಾಸ್‌ವರ್ಡ್ ಇತ್ತು ಅಂತ ಆಮೇಲೆ ವರದಿಯಾಯಿತು. ಪಾಸ್‌ವರ್ಡ್ ಗಟ್ಟಿ ಇರಬೇಕಿತ್ತು, ಹೌದು. ಆದರೆ ಆ ಕೋಣೆಯಲ್ಲಿ ಕ್ಯಾಮೆರಾ ಯಾಕಿತ್ತು ಅನ್ನುವುದು ನನ್ನ ಪ್ರಶ್ನೆ.

ಮನೆಗೆ ಗೇಟು, ಅಂಗಳ, ಮುಂಬಾಗಿಲು, ಹಿತ್ತಿಲು ಸಾಕು. ಊರಿಗೆ ಹೋದಾಗ ಹಾಲ್ ನೋಡಬೇಕು ಅನ್ನುವವರು ಆ ಕ್ಯಾಮೆರಾಗೆ ಬೇರೆ ಸ್ವಿಚ್ ಹಾಕಿಸಿ. ಮನೆಗೆ ಬಂದ ಕೂಡಲೇ ಆಫ್.

ಪಕ್ಕದ ಮನೆಯವರ ಕ್ಯಾಮೆರಾ ನಮ್ಮ ಅಂಗಳ ನೋಡುತ್ತಿದೆ. ಏನು ಮಾಡಬೇಕು?

ಮೊದಲು ಚಹಾ ಕುಡಿಯುತ್ತಾ ಮಾತಾಡಿ. ನಿಮ್ಮ ಅಂಗಳದ ಭಾಗವನ್ನು ಕಪ್ಪು ಮಾಡಿಡುವ ಸೆಟ್ಟಿಂಗ್ ಹೆಚ್ಚಿನ ಕ್ಯಾಮೆರಾಗಳಲ್ಲಿ ಇದೆ, ಪ್ರೈವೆಸಿ ಮಾಸ್ಕ್ ಅನ್ನುತ್ತಾರೆ. ಹಾಕಲು ಬಹಳ ಹೊತ್ತು ಬೇಡ. ಎಷ್ಟೋ ಜಗಳ ಇಷ್ಟರಲ್ಲೇ ಮುಗಿಯುತ್ತದೆ.

ಕಾನೂನು ಬೇಕು ಅನ್ನುವವರಿಗೆ: ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದಾರೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಂದೇ ಮನೆಯಲ್ಲಿ ಕೂಡಿ ಇರುವವರ ಒಪ್ಪಿಗೆ ಇಲ್ಲದೆ ಅವರು ವಾಸವಿರುವ ಭಾಗದಲ್ಲಿ ಕ್ಯಾಮೆರಾ ಓಡಿಸಬಾರದು ಅಂತ ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ. ಪಾಲಾಗದ ಮನೆಯಲ್ಲಿ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಕ್ಯಾಮೆರಾ ಇಡುವುದು ನಮ್ಮ ಕಡೆಯೂ ಇದೆ, ಹೆಸರು ಬೇಡ. 2023ರ ಡೇಟಾ ಕಾಯ್ದೆ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ, ಸ್ವಂತ ಅಥವಾ ಮನೆಯ ಬಳಕೆಗೆ ಇಟ್ಟುಕೊಂಡ ಮಾಹಿತಿಯನ್ನು ಅದು ಹೊರಗಿಟ್ಟಿದೆ.

ಹೊಸ ಕ್ಯಾಮೆರಾ ತಗೊಳ್ಳುವಾಗ ಏನು ನೋಡಬೇಕು?

ನೆಟ್‌ಗೆ ಜೋಡಿಸುವ ಸಿಸಿಟಿವಿಗಳು ಸುರಕ್ಷತೆಯ ಪರೀಕ್ಷೆ ಪಾಸಾಗಬೇಕು ಅಂತ ಕೇಂದ್ರ ಸರ್ಕಾರದ ನಿಯಮ 2025ರ ಏಪ್ರಿಲ್‌ನಿಂದ ಬಂದಿದೆ. ಅಂಗಡಿಯಲ್ಲಿ "ಎಸ್‌ಟಿಕ್ಯುಸಿ ಇದೆಯಾ?" ಅಂತ ಕೇಳಿ. ಆ ಪರೀಕ್ಷೆಯ ಸರ್ಟಿಫಿಕೇಟ್ ಕೊಡುವ ಸರ್ಕಾರಿ ಸಂಸ್ಥೆ ಅದು. ತಬ್ಬಿಬ್ಬಾದರೆ ಮುಂದಿನ ಅಂಗಡಿಗೆ ಹೋಗಿ. ಹಳೆ ಸ್ಟಾಕ್ ಅರ್ಧ ರೇಟಿಗೆ ಸಿಕ್ಕಿತು ಅಂತ ಖುಷಿಪಡುವವರು ಜಾಸ್ತಿ, ಅದು ಅರ್ಧ ರೇಟಿಗೆ ಯಾಕೆ ಬಂತು ಅಂತ ಒಮ್ಮೆ ಯೋಚಿಸಿ.

ವೈ-ಫೈ ಪಾಸ್‌ವರ್ಡ್ ನಮ್ಮ ಮೊಬೈಲ್ ನಂಬರೇ ಇದೆ. ತೊಂದರೆ ಏನಿಲ್ಲ ಅಲ್ವಾ?

ಇದೆ. ನಿಮ್ಮ ನಂಬರ್ ಹಾಲಿನವನ ಹತ್ತಿರ ಇದೆ, ಅಂಗಡಿ ಬೋರ್ಡಿನ ಮೇಲಿದೆ, ಮದುವೆ ಕಾರ್ಡಿನಲ್ಲೂ ಅಚ್ಚಾಗಿದೆ. ಹೆಸರನ್ನಾದರೂ ಬೇರೆ ಇಡುತ್ತಾರಾ ಅಂದರೆ ಅದೂ ಮನೆತನದ ಹೆಸರೇ. ಹೊರಗೆ ನಿಂತವರಿಗೆ ಬೀಗ ಯಾವುದು, ಕೀಲಿ ಯಾವುದು ಎರಡೂ ಗೊತ್ತು.

ಬದಲಿಸುವುದು ಹೀಗೆ. ಮನೆಯ ವೈ-ಫೈನಲ್ಲಿ ಇದ್ದುಕೊಂಡು ಫೋನಿನ ಬ್ರೌಸರ್‌ನಲ್ಲಿ 192.168.1.1 ಅಂತ ಒತ್ತಿ. ಕೆಲವು ರೂಟರ್‌ಗಳಿಗೆ 192.168.0.1 ಇರುತ್ತದೆ. ಸರಿಯಾದದ್ದು ರೂಟರ್ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ, ಧೂಳು ಒರೆಸಿದರೆ ಕಾಣುತ್ತೆ. ಅದೇ ಚೀಟಿಯಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೂಡ ಇರುತ್ತದೆ. ಇಲ್ಲಿ ಎರಡು ಪಾಸ್‌ವರ್ಡ್ ಇವೆ ಅನ್ನುವುದನ್ನು ಗಮನಿಸಿ: ವೈ-ಫೈಗೆ ಸೇರಲು ಒಂದು, ರೂಟರ್‌ನ ಸೆಟ್ಟಿಂಗ್ ತೆರೆಯಲು ಇನ್ನೊಂದು. ಜನ ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಹಾಗೇ ಬಿಡುತ್ತಾರೆ. ಎರಡನ್ನೂ ಬದಲಿಸಿ. ಉದ್ದ ಇರಲಿ, ನಿಮಗೆ ನೆನಪಿರುವ ಆದರೆ ಒಂದಕ್ಕೊಂದು ಸಂಬಂಧ ಇಲ್ಲದ ಮೂರು-ನಾಲ್ಕು ಪದ ಸಾಕು. ಸೆಕ್ಯುರಿಟಿ ಅನ್ನುವಲ್ಲಿ ಡಬ್ಲ್ಯುಪಿಎ2 ಅಥವಾ 3 ಇರಲಿ. ಡಬ್ಲ್ಯುಪಿಎಸ್ (ಗುಂಡಿ ಒತ್ತಿಯೋ ಪಿನ್ ಹಾಕಿಯೋ ವೈ-ಫೈಗೆ ಸೇರಿಸುವುದು) ಮತ್ತು ರಿಮೋಟ್ ಮ್ಯಾನೇಜ್‌ಮೆಂಟ್ (ಮನೆಯ ಹೊರಗಿನಿಂದ ರೂಟರ್ ಸೆಟ್ಟಿಂಗ್ ತೆರೆಯುವುದು) ಕಂಡರೆ ಆಫ್ ಮಾಡಿ. ಕೆಲವು ಕಂಪನಿಗಳ ಫೈಬರ್ ರೂಟರ್‌ಗಳಲ್ಲಿ ಇವನ್ನು ಮುಟ್ಟಲು ಬಿಡುವುದಿಲ್ಲ, ಆಗ ಅವರ ಕಸ್ಟಮರ್ ಕೇರ್‌ಗೇ ಹೇಳಬೇಕು.

ಪಾಸ್‌ವರ್ಡ್ ಬದಲಿಸಿದ ಮೇಲೆ ಟಿವಿ, ಕ್ಯಾಮೆರಾ, ಪ್ರಿಂಟರ್ ಎಲ್ಲ ಮತ್ತೆ ಜೋಡಿಸಬೇಕು. ಈ ತಲೆನೋವಿಗೇ ಯಾರೂ ಬದಲಿಸುವುದಿಲ್ಲ. ಭಾನುವಾರ ಮಾಡಿ.

ಮೇಲಿನ ಮನೆ ಬಾಡಿಗೆಯವರಿಗೆ ನಮ್ಮ ವೈ-ಫೈ ಕೊಡಬಹುದಾ?

ಗೆಸ್ಟ್ ನೆಟ್‌ವರ್ಕ್ ಮಾಡಿ ಕೊಡಿ. ಅದರಲ್ಲಿ ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕ್ಯಾಮೆರಾ, ಕಂಪ್ಯೂಟರ್ ಸಿಗುವುದಿಲ್ಲ. ಟಿವಿ, ಬಲ್ಬು, ಪ್ಲಗ್ಗು ಥರದ ಸ್ಮಾರ್ಟ್ ಸಾಮಾನುಗಳನ್ನೂ ಅದಕ್ಕೇ ಹಾಕುವುದು ಜಾಣತನ. ಆದರೆ ನಿಮ್ಮ ಕನೆಕ್ಷನ್‌ನಿಂದ ಅವರು ಏನೇ ಮಾಡಿದರೂ ಪೊಲೀಸರು ಮೊದಲು ಬರುವುದು ಬಿಲ್ ಯಾರ ಹೆಸರಿನಲ್ಲಿದೆಯೋ ಅವರ ಹತ್ತಿರ.

ಸಪ್ತಾಪುರದ ಪಿಜಿಯಲ್ಲಿ ಇದ್ದೀನಿ. ಪಿಜಿ ವೈ-ಫೈನಲ್ಲಿ ನಾನು ನೋಡುವುದೆಲ್ಲ ಮಾಲೀಕರಿಗೆ ಕಾಣುತ್ತಾ?

ಎಲ್ಲ ಕಾಣುವುದಿಲ್ಲ. ಈಗ ಹೆಚ್ಚಿನ ಸೈಟುಗಳು ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ದಾರಿಯಲ್ಲಿ ಯಾರೂ ಓದದ ಹಾಗೆ ಬೀಗ ಹಾಕಿ ಕಳಿಸುವ ರೀತಿಯಲ್ಲಿ ಇವೆ, ಹಾಗಾಗಿ ನೀವು ಟೈಪ್ ಮಾಡಿದ್ದು, ಓದಿದ್ದು, ವಾಟ್ಸಾಪ್ ಮಾತು ಅವರಿಗೆ ಸಿಗದು. ಯಾವ ಸೈಟಿಗೆ ಹೋದಿರಿ ಅನ್ನುವುದು ಮಾತ್ರ ರೂಟರ್‌ನಲ್ಲಿ ಕಾಣಬಹುದು. ಮನಸ್ಸು ಮಾಡಿದರೆ ಅಷ್ಟೇ, ಹೆಚ್ಚಿನ ಮಾಲೀಕರಿಗೆ ರೂಟರ್ ರೀಸ್ಟಾರ್ಟ್ ಮಾಡಲೇ ಬೇಸರ. ಬ್ಯಾಂಕಿನ ಕೆಲಸಕ್ಕೆ ಮೊಬೈಲ್ ಡೇಟಾ ಬಳಸಿ.

ಪಿಜಿಯಲ್ಲಿ ನನಗೆ ಹೆಚ್ಚು ಚಿಂತೆ ಕ್ಯಾಮೆರಾದ್ದು. ಮೆಟ್ಟಿಲು, ಗೇಟು, ಅಡುಗೆಮನೆ ಬಾಗಿಲಿಗೆ ಇದ್ದರೆ ಸರಿ. ಕೋಣೆಯ ಒಳಗೆ, ಬಾತ್‌ರೂಮ್ ಬಾಗಿಲಿಗೆ ಎದುರಾಗಿ ಇದ್ದರೆ ನೇರವಾಗಿ ಕೇಳಿ: ಇದರ ರೆಕಾರ್ಡಿಂಗ್ ಯಾರು ನೋಡುತ್ತಾರೆ, ಎಷ್ಟು ದಿನ ಇರುತ್ತೆ? ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆದರೆ ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಜೈಲು ಇದೆ. ಹೆಣ್ಣುಮಕ್ಕಳನ್ನು ಕದ್ದು ನೋಡುವುದಕ್ಕೆ, ಚಿತ್ರ ತೆಗೆಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಬೇರೆ ಇದೆ. ಅಂಥ ಕ್ಯಾಮೆರಾ ಸಿಕ್ಕರೆ ಕಿತ್ತು ಬಿಸಾಕಬೇಡಿ. ಇದ್ದ ಜಾಗದಲ್ಲೇ ಫೋಟೊ ತೆಗೆದು, ಮುಚ್ಚಿ, ಪೊಲೀಸರಿಗೆ ಫೋನ್ ಮಾಡಿ.

ಸ್ಮಾರ್ಟ್ ಟಿವಿ ನಮ್ಮನ್ನು ನೋಡುತ್ತಾ?

ಕ್ಯಾಮೆರಾ ಇಲ್ಲದ ಟಿವಿ ನಿಮ್ಮ ಮುಖ ನೋಡುವುದಿಲ್ಲ. ನೀವು ಏನು ನೋಡುತ್ತೀರಿ ಅನ್ನುವುದನ್ನು ನೋಡುತ್ತದೆ. ಪರದೆಯ ಮೇಲಿನ ಚಿತ್ರದ ತುಣುಕು ತೆಗೆದುಕೊಂಡು, ಕಂಪನಿಯ ಪಟ್ಟಿಗೆ ಹೋಲಿಸಿ, ಇದು ಇಂಥ ಕಾರ್ಯಕ್ರಮ ಅಂತ ಗುರುತಿಸುವ ತಂತ್ರ ಹಲವು ಟಿವಿಗಳಲ್ಲಿದೆ. ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ ಹೀಗೆ ಹೇಳದೆ ಕೇಳದೆ ಮಾಹಿತಿ ತೆಗೆದಿತ್ತು, 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ಕೇಸು ಮುಗಿಸಿಕೊಂಡಿತು. ಟಿವಿ ಅಗ್ಗ ಯಾಕಾಗಿದೆ ಅನ್ನುವುದಕ್ಕೆ ಇದೂ ಒಂದು ಕಾರಣ. ಸೆಟ್ಟಿಂಗ್‌ನ ಪ್ರೈವೆಸಿ ವಿಭಾಗದಲ್ಲಿ "ವ್ಯೂಯಿಂಗ್ ಇನ್ಫರ್ಮೇಶನ್" ಅನ್ನುವ ಥರದ ಸಾಲು ಇದ್ದರೆ ಟಿಕ್ ತೆಗೆಯಿರಿ. ಟಿವಿಗೆ ಏನೂ ಆಗುವುದಿಲ್ಲ, ಧಾರಾವಾಹಿ ಮೊದಲಿನ ಹಾಗೇ ಬರುತ್ತೆ.

ಎಲ್ಲ ಚಾನೆಲ್ ಫ್ರೀ ಕೊಡುವ ಆಂಡ್ರಾಯ್ಡ್ ಬಾಕ್ಸ್ ಹಾಕಿಸಬಹುದಾ?

ಬೇಡ. ಹೆಸರಿಲ್ಲದ ಇಂಥ ಬಾಕ್ಸ್‌ಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ವೈರಸ್ ಹೊತ್ತುಕೊಂಡು ಬರುತ್ತವೆ. ಬ್ಯಾಡ್‌ಬಾಕ್ಸ್ 2.0 ಅನ್ನುವ ಇಂಥದೇ ಜಾಲದ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿತು. ಅವು ನಿಮ್ಮ ಇಂಟರ್ನೆಟ್ ವಿಳಾಸವನ್ನು ಬೇರೆಯವರಿಗೆ ಬಾಡಿಗೆ ಬಿಡುತ್ತವೆ. ಎಲ್ಲೋ ಕೂತ ಕಳ್ಳ ನಿಮ್ಮ ಗೋಕುಲ ರೋಡಿನ ಮನೆಯಿಂದ ಬಂದವನ ಹಾಗೆ ಕಾಣುತ್ತಾನೆ. ಬಾಡಿಗೆ ಮಾತ್ರ ನಿಮಗೆ ಬರುವುದಿಲ್ಲ.

ಮನೆಯಲ್ಲಿ ಮಾತಾಡಿದ್ದೇ ಜಾಹೀರಾತಾಗಿ ಬರುತ್ತಲ್ಲ, ಫೋನ್ ಕದ್ದು ಕೇಳುತ್ತಾ?

ಎಲ್ಲರ ಅನುಮಾನವೂ ಇದೇ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ಹೇಳಿದ್ದು, ಕದ್ದು ಮೈಕ್ ಆನ್ ಮಾಡಿ ಧ್ವನಿ ಕಳಿಸಿದ ಆಪ್ ಅವರಿಗೆ ಸಿಗಲಿಲ್ಲ ಅಂತ. ಆದರೆ ಕೆಲವು ಆಪ್‌ಗಳು ಪರದೆಯ ಚಿತ್ರ, ವಿಡಿಯೊ ಹೊರಗೆ ಕಳಿಸುವುದು ಸಿಕ್ಕಿತು.

ಹಾಗಾದರೆ ಜಾಹೀರಾತು ಹೇಗೆ ಬಂತು? ನಿಮ್ಮ ತಮ್ಮ ಕೊಪ್ಪಿಕರ ರೋಡಿನಲ್ಲಿ ಫ್ರಿಜ್ ನೋಡಿ ಬಂದ, ಅದೇ ರೇಟನ್ನು ನಿಮ್ಮ ಮನೆ ವೈ-ಫೈನಲ್ಲಿ ಹುಡುಕಿದ, ಊಟಕ್ಕೆ ಕೂತಾಗ ಅದರ ಮಾತು ಬಂತು. ನಿಮ್ಮ ಫೋನೂ ಅದೇ ವೈ-ಫೈನಲ್ಲಿದೆ, ಅದೇ ಲೊಕೇಶನ್‌ನಲ್ಲಿದೆ. ಕೇಳಿಸಿಕೊಳ್ಳುವ ಅವಶ್ಯಕತೆಯೇ ಇಲ್ಲ.

ಅಲೆಕ್ಸಾ ಥರದ ಸ್ಪೀಕರ್ ಬೇರೆ. ಅದು ತನ್ನ ಹೆಸರಿಗಾಗಿ ಕಿವಿ ತೆರೆದಿಟ್ಟಿರುತ್ತದೆ, ಹೆಸರು ಕೇಳಿದ ಮೇಲಿನ ಮಾತು ಕಂಪನಿಗೆ ಹೋಗುತ್ತದೆ. ಒಮ್ಮೊಮ್ಮೆ ಬೇರೆ ಪದವನ್ನೂ ತನ್ನ ಹೆಸರು ಅಂದುಕೊಳ್ಳುತ್ತದೆ. ಮಕ್ಕಳ ಧ್ವನಿಯನ್ನು ಅಳಿಸದೆ ಇಟ್ಟುಕೊಂಡ ಆರೋಪಕ್ಕೆ ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಆಪ್‌ನಲ್ಲಿ ಹಳೆ ಧ್ವನಿ ಕೇಳಬಹುದು, ಅಳಿಸಬಹುದು. ಒಮ್ಮೆ ಕೇಳಿ ನೋಡಿ, ಅಜ್ಜಿ ಬೈದದ್ದೂ ಇರುತ್ತೆ.

ಸ್ಮಾರ್ಟ್ ವಾಚ್?

ಉಣಕಲ್ ಕೆರೆಯ ಸುತ್ತ ವಾಕಿಂಗ್ ಮಾಡಿದ ನಕ್ಷೆಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೀರಾ? ನಡಿಗೆ ಶುರುವಾಗುವ ಚುಕ್ಕಿ ನಿಮ್ಮ ಮನೆ, ಅದರ ಪಕ್ಕದ ಗಂಟೆ ಮನೆ ಖಾಲಿ ಇರುವ ಹೊತ್ತು. 2018ರ ಜನವರಿಯಲ್ಲಿ ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆಪ್‌ನ ನಕ್ಷೆಯಿಂದ ಸೈನ್ಯದ ನೆಲೆಗಳೇ ಬಯಲಾಗಿದ್ದವು. ಪ್ರೊಫೈಲ್ ಪ್ರೈವೇಟ್ ಮಾಡಿ.

ರೈಲ್ವೆ ಸ್ಟೇಷನ್‌ನಲ್ಲಿ ಚಾರ್ಜ್ ಮಾಡಬಹುದಾ?

ಹುಬ್ಬಳ್ಳಿ ಸ್ಟೇಷನ್‌ನ 1,507 ಮೀಟರ್ ಪ್ಲಾಟ್‌ಫಾರಂ ನಡೆದು ಮುಗಿಸುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುತ್ತೆ, ಗೊತ್ತು. ನಿಮ್ಮದೇ ಚಾರ್ಜರ್ ಅನ್ನು ಸಾಕೆಟ್‌ಗೆ ಹಾಕಿ, ಏನೂ ಆಗುವುದಿಲ್ಲ. ನೇರ ಯುಎಸ್‌ಬಿ ತೂತಿಗೆ ಹಾಕಿದಾಗ "ಡೇಟಾ ಕೊಡಲಾ?" ಅಂತ ಫೋನ್ ಕೇಳಿದರೆ ಬೇಡ ಅನ್ನಿ. ಚಾರ್ಜಿಗೆ ಹಾಕಿದರೆ ಫೋನಿನ ಮಾಹಿತಿ ಕದಿಯುತ್ತಾರೆ ಅಂತ ಫಾರ್ವರ್ಡ್ ಆಗುವ ಭಯ ಇದರ ಅಪಾಯಕ್ಕಿಂತ ಜಾಸ್ತಿ.

ಜೆರಾಕ್ಸ್ ಅಂಗಡಿಗೆ ಆಧಾರ್ ವಾಟ್ಸಾಪ್ ಮಾಡಿದರೆ ನಡೆಯುತ್ತಾ?

ಎಲ್ಲರೂ ಮಾಡುತ್ತಾರೆ, ನಾನೂ ನೋಡುತ್ತಿರುತ್ತೇನೆ. ಅಂಗಡಿಯ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ಇಣುಕಿ ನೋಡಿ. ಊರಿನ ಅರ್ಧ ಜನರ ಆಧಾರ್, ಪಾನ್, ಮಾರ್ಕ್ಸ್‌ಕಾರ್ಡ್ ಸಾಲಾಗಿ ಕೂತಿರುತ್ತವೆ, ಪಾಸ್‌ವರ್ಡ್ ಇರುವುದಿಲ್ಲ. ದೊಡ್ಡ ಡಿಜಿಟಲ್ ಕಾಪಿ ಮಷೀನ್‌ಗಳಲ್ಲಿ ಹಲವಕ್ಕೆ ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ತೆಗೆದ ಕಾಪಿ ಅದರಲ್ಲೂ ಉಳಿಯಬಹುದು. ಅಮೆರಿಕದಲ್ಲಿ ಒಂದು ಆರೋಗ್ಯ ವಿಮೆ ಸಂಸ್ಥೆ ಬಾಡಿಗೆ ಮಷೀನ್‌ಗಳನ್ನು ಅಳಿಸದೆ ವಾಪಸ್ ಕೊಟ್ಟು, ರೋಗಿಗಳ ವಿವರ ಹೊರಬಿದ್ದು, 2013ರಲ್ಲಿ 12 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಿತು. ಗದಗಿನಲ್ಲಿ ಪ್ರೆಸ್ಸು, ಪ್ರಿಂಟಿಂಗ್ ಅಂಗಡಿ ಬಹಳ, ಹಾಗಾಗಿ ಆ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಹಳೆ ಮಷೀನ್ ಮಾರುವ ಮುಂಚೆ ಡಿಸ್ಕ್ ಅಳಿಸಿ.

ಗಿರಾಕಿಗಳು ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ, ಎಷ್ಟೋ ಕೆಲಸಕ್ಕೆ ಅದೇ ಸಾಕು. ಪ್ರಿಂಟ್ ಆದ ಮೇಲೆ ನಿಮ್ಮ ಎದುರೇ ಡಿಲೀಟ್ ಮಾಡಿಸಿ. ಮುಜುಗರ ಬೇಡ.

ವಾಟ್ಸಾಪ್‌ಗೆ ಮದುವೆ ಕಾರ್ಡ್ ಬಂದಿದೆ, ತೆರೆದರೆ ಇನ್‌ಸ್ಟಾಲ್ ಅನ್ನುತ್ತೆ?

ತೆರೆಯಬೇಡಿ. ಮದುವೆ ಕಾರ್ಡಿಗೆ ಇನ್‌ಸ್ಟಾಲ್ ಯಾಕೆ? ಅದು ಎಪಿಕೆ, ಅಂದರೆ ಆಪ್ ಹಾಕುವ ಫೈಲ್, ಫೋನಿನ ಮೆಸೇಜ್ ಓದಿ ಓಟಿಪಿ ಕದಿಯುತ್ತದೆ. ಟ್ರಾಫಿಕ್ ದಂಡದ ಚಲನ್ ಅಂತಲೂ ಬರುತ್ತದೆ. ಕಳಿಸಿದವರು ನಿಮ್ಮ ಸೋದರಮಾವನೇ ಆಗಿದ್ದರೂ ಅಷ್ಟೇ. ಅವರ ಫೋನ್ ಈಗಾಗಲೇ ಕೈತಪ್ಪಿದೆ ಅಂತ ಅರ್ಥ, ಫೋನ್ ಮಾಡಿ ತಿಳಿಸಿ.

ದುಡ್ಡು ಹೋಗಿದೆ. ಎಲ್ಲಿಗೆ ಹೋಗಬೇಕು?

ಎಲ್ಲಿಗೂ ಹೋಗುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯಬೇಕು, ಆಮೇಲೆ ಬ್ಯಾಂಕಿಗೆ ಹೇಳಿ. ಆನ್‌ಲೈನ್ ದೂರಿಗೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಇದೆ. ಅವಳಿ ನಗರದವರಿಗೆ ಪೊಲೀಸ್ ಕಮಿಷನರೇಟ್‌ನ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ. ಮೆಸೇಜು, ನಂಬರು, ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ. ಫೋನೇ ಕಳುವಾಗಿದ್ದರೆ ಠಾಣೆಯಲ್ಲಿ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ಸೈಟಿನಲ್ಲಿ ಬ್ಲಾಕ್ ಮಾಡಿಸಿ.

ಹಳೆ ಕ್ಯಾಮೆರಾ, ಟಿವಿ ಎಕ್ಸ್‌ಚೇಂಜ್‌ಗೆ ಕೊಡುವಾಗ?

ಮೊದಲು ಆಪ್‌ನಿಂದ ಡಿವೈಸ್ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ, ಕೊನೆಗೆ ವೈರ್ ಕೀಳಿ. ಇದೇ ಕ್ರಮದಲ್ಲಿ. ಉಲ್ಟಾ ಮಾಡಿದರೆ ತಗೊಂಡವರು ಅದನ್ನು ತಮ್ಮ ನಂಬರ್‌ಗೆ ಸೇರಿಸಲು ಆಗದೆ ನಿಮಗೇ ಫೋನ್ ಮಾಡುತ್ತಾರೆ. ಟಿವಿಯಲ್ಲಿ ಗೂಗಲ್, ಓಟಿಟಿ ಅಕೌಂಟ್‌ಗಳಿಂದ ಸೈನ್ ಔಟ್ ಆಗಿ. ಡಿವಿಆರ್‌ನ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ, ಅದರ ರೇಟು ಎಕ್ಸ್‌ಚೇಂಜ್‌ನಲ್ಲಿ ಏನೂ ಸಿಗುವುದಿಲ್ಲ. ವೈ-ಫೈ ಕ್ಯಾಮೆರಾ ಆದರೆ ಕೆಳಗಿನ ಚಿಕ್ಕ ರಬ್ಬರ್ ಮುಚ್ಚಳ ಎತ್ತಿ ನೋಡಿ, ಮೆಮೊರಿ ಕಾರ್ಡ್ ಅಲ್ಲೇ ಇರುತ್ತೆ.